ಮೂಳೆ ಹೆಚ್ಚಾದ ಬೆನ್ನು

ಪ್ರಶ್ನೆ: ಕಲಾ ಇತಿಹಾಸದ ಪುಸ್ತಕವೊಂದರಲ್ಲಿ ಫ್ರೆಂಚ್ ಚಿತ್ರಕಾರ ಆಂಗ್ರ್ ಬರೆದ ಚಿತ್ರ ನೋಡಿದೆ. ಬೆನ್ನು ನಮ್ಮ ಕಡೆಗಿಟ್ಟು ಒರಗಿರುವ ಹೆಂಗಸು. ಆ ಬೆನ್ನಿನಲ್ಲಿ ಮೂರು ಮೂಳೆ ಹೆಚ್ಚಿದೆ ಎಂದು ಕೆಳಗೆ ಟಿಪ್ಪಣಿ ಇತ್ತು. ಅದೇ ಪುಸ್ತಕ ಅವನನ್ನು ಶಾಸ್ತ್ರೀಯ ಶೈಲಿಯ ಕಟ್ಟಾಳು ಎಂದೂ ಕರೆಯುತ್ತದೆ. ಶಾಸ್ತ್ರ ಬಲ್ಲವನು ಹೀಗೆ ತಪ್ಪುವುದುಂಟೆ? ಇವನನ್ನು ಅರಿಯಲು ಯಾವ ಚಿತ್ರದಿಂದ ಶುರುಮಾಡಬೇಕು?
(ಓದುಗರೊಬ್ಬರು, ಧಾರವಾಡ)

ಉತ್ತರ: ಗೊತ್ತಿಲ್ಲದೆ ಆದದ್ದಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಝಾನ್ ಓಗ್ಯುಸ್ತ್ ದೊಮಿನಿಕ್ ಆಂಗ್ರ್ ಹುಟ್ಟಿದ್ದು 1780ರಲ್ಲಿ, ದಕ್ಷಿಣ ಫ್ರಾನ್ಸಿನ ಮೊಂತೊಬಾನ್‌ನಲ್ಲಿ. ಅಪ್ಪನಿಗೆ ಚಿತ್ರ, ಶಿಲ್ಪ, ಸಂಗೀತ ಮೂರೂ ಒಲಿದಿದ್ದವು. ಹುಡುಗ ಹನ್ನೊಂದಕ್ಕೇ ತುಲೂಸ್‌ನ ಕಲಾಶಾಲೆ ಸೇರಿದ, 1797ರಲ್ಲಿ ಪ್ಯಾರಿಸ್ಸಿಗೆ ಬಂದು ಝಾಕ್ ಲೂಯಿ ದಾವಿದನ ಕೈಕೆಳಗೆ ಪಳಗಿದ. ದಾವಿದ್ ಎಂದರೆ ಆಗಿನ ಫ್ರಾನ್ಸಿನ ಅತಿ ದೊಡ್ಡ ಹೆಸರು. ಬೆತ್ತಲೆ ಮಾದರಿಯನ್ನು ಎದುರಿಗಿಟ್ಟುಕೊಂಡು ಬರೆಯುವುದೇ ಅಲ್ಲಿನ ಮುಖ್ಯ ಪಾಠ. 1801ರಲ್ಲಿ ಆಂಗ್ರ್‌ಗೆ ಪ್ರಿ ದ ರೋಮ್ ಸಿಕ್ಕಿತು; ಸರ್ಕಾರದ ಖರ್ಚಿನಲ್ಲಿ ರೋಮಿನಲ್ಲಿದ್ದು ಕಲಿಯಲು ಕೊಡುತ್ತಿದ್ದ ಬಹುಮಾನ ಅದು. ಬೊಕ್ಕಸ ಬರಿದಾಗಿದ್ದರಿಂದ ಹೊರಡಲು ಐದು ವರ್ಷ ಕಾಯಬೇಕಾಯಿತು ಅನ್ನುವುದು ಬೇರೆ ಮಾತು. ಇಂಥವನಿಗೆ ಮನುಷ್ಯರ ಬೆನ್ನು ಎಷ್ಟುದ್ದ ಇರುತ್ತದೆಂದು ತಿಳಿಯದೆ ಇರಲು ಸಾಧ್ಯವಿಲ್ಲ.

ನೀವು ನೋಡಿದ್ದು ‘ಗ್ರಾಂಡ್ ಒಡಾಲಿಸ್ಕ್’. ಒಡಾಲಿಸ್ಕ್ ಎಂದರೆ ತುರ್ಕಿಯ ಅಂತಃಪುರದ ದಾಸಿ. 1814ರಲ್ಲಿ ರೋಮಿನಲ್ಲಿ ಬರೆದದ್ದು. ಬರೆಸಿದವಳು ನೇಪಲ್ಸ್‌ನ ರಾಣಿ ಕ್ಯಾರೊಲಿನ್ ಮ್ಯುರಾ, ನೆಪೋಲಿಯನ್ನನ ತಂಗಿ. ಮರುವರ್ಷ ನೆಪೋಲಿಯನ್ ಬಿದ್ದ, ನೇಪಲ್ಸ್‌ನ ಸಿಂಹಾಸನವೂ ಹೋಯಿತು, ಚಿತ್ರ ರಾಣಿಗೆ ತಲುಪಲೇ ಇಲ್ಲ. 1819ರಲ್ಲಿ ಪ್ಯಾರಿಸ್ಸಿನ ಸರ್ಕಾರಿ ಪ್ರದರ್ಶನವಾದ ಸಲೋನ್‌ನಲ್ಲಿ ಅದನ್ನು ತೂಗುಹಾಕಿದಾಗ ವಿಮರ್ಶಕರು ಮುಗಿಬಿದ್ದರು. ಮೂರು ಮೂಳೆ ಹೆಚ್ಚಿದೆ ಎಂಬ ಮಾತು ಹುಟ್ಟಿದ್ದು ಆಗಲೇ. 2004ರಲ್ಲಿ ಫ್ರಾನ್ಸಿನ ವೈದ್ಯರು ಕೆಲವರು ಜೀವಂತ ಮಾದರಿಗಳ ಬೆನ್ನನ್ನು ಅಳೆದು, ಚಿತ್ರದ ಬೆನ್ನಿಗೆ ಹೋಲಿಸಿ, ಬ್ರಿಟನ್ನಿನ ರಾಯಲ್ ಸೊಸೈಟಿ ಆಫ್ ಮೆಡಿಸಿನ್‌ನ ಪತ್ರಿಕೆಯಲ್ಲಿ ಲೆಕ್ಕ ಮಂಡಿಸಿದರು: ಮೂರು ಸಾಲದು, ಐದು ಮೂಳೆಯಷ್ಟು ಹೆಚ್ಚಿದೆ! ಹಳೆಯ ವಿಮರ್ಶಕರು ಉದಾರಿಗಳೇ ಆಗಿದ್ದರು.

ಈಗ ಚಿತ್ರವನ್ನು ಮತ್ತೊಮ್ಮೆ ನೋಡಿ. ಕತ್ತಿನ ಹಿಂಬದಿಯಿಂದ ಹೊರಟ ಗೆರೆ ಭುಜ ದಾಟಿ, ಬೆನ್ನಿನುದ್ದಕ್ಕೂ ಇಳಿದು, ಸೊಂಟದಲ್ಲಿ ತಗ್ಗಿ, ನಿತಂಬದಲ್ಲಿ ಏರಿ ತೊಡೆಗೆ ಸಾಗುತ್ತದೆ. ಎಲ್ಲೂ ತಡವರಿಸುವುದಿಲ್ಲ. ಅದಕ್ಕೆ ಉತ್ತರವೆಂಬಂತೆ ಬಲಗೈ ಅಷ್ಟೇ ಉದ್ದಕ್ಕೆ ಹರಿದು ಕಾಲಿನ ಹತ್ತಿರ ನವಿಲುಗರಿಯ ಬೀಸಣಿಗೆಯನ್ನು ಹಿಡಿದಿದೆ. ಆ ಕೈಯೂ ಅಳತೆ ಮೀರಿದ್ದೇ. ಮೇಲಿಟ್ಟ ಕಾಲು ಸೊಂಟಕ್ಕೆ ಎಲ್ಲಿ ಕೂಡಿಕೊಂಡಿದೆ ಎಂದು ಹುಡುಕಹೊರಟರೆ ಸಿಗುವುದಿಲ್ಲ. ಆದರೆ ಬೆನ್ನನ್ನು ಐದು ಮೂಳೆಯಷ್ಟು ಮೊಟಕುಮಾಡಿದರೆ ಆ ಇಳಿತವೇ ಮುಗ್ಗರಿಸುತ್ತದೆ. ಆಂಗ್ರ್‌ಗೆ ಬೇಕಿದ್ದದ್ದು ಮೊದಲು ಆ ಗೆರೆ. ದೇಹ ಅದಕ್ಕೆ ಹೊಂದಿಕೊಳ್ಳಬೇಕಿತ್ತು.

ಇದು ಒಂದು ಚಿತ್ರದ ಕಥೆಯೂ ಅಲ್ಲ. 1811ರ ‘ಜುಪಿಟರ್ ಮತ್ತು ಥೆಟಿಸ್’ನಲ್ಲಿ ದೇವತೆ ತಲೆಯನ್ನು ಹಿಂದಕ್ಕೆ ಚೆಲ್ಲಿ ಬೇಡಿಕೊಳ್ಳುತ್ತಾಳೆ, ಅವಳ ಕತ್ತು ಗಳಗಂಡವೇನೋ ಎನ್ನುವಷ್ಟು ಉಬ್ಬಿದೆ. 1845ರ ಓಸೊನ್‌ವಿಲ್ ಕೌಂಟೆಸಳ ಭಾವಚಿತ್ರದಲ್ಲಿ ಬಲಗೈ ಭುಜದಿಂದ ಹೊರಟಿದೆಯೋ ಪಕ್ಕೆಯಿಂದಲೋ ಹೇಳುವುದು ಕಷ್ಟ. ಮೂವತ್ತು ವರ್ಷ ಒಬ್ಬ ಮನುಷ್ಯ ಒಂದೇ ದಿಕ್ಕಿಗೆ ‘ತಪ್ಪು’ತ್ತಿದ್ದರೆ ಅದನ್ನು ಅವನ ನಿಲುವು ಎಂದೇ ಕರೆಯಬೇಕಾಗುತ್ತದೆ. ಅಂಗರಚನಾಶಾಸ್ತ್ರ ಅವನಿಗೆ ಸೇರುತ್ತಿರಲಿಲ್ಲ. ಚರ್ಮದ ಕೆಳಗಿನ ಸ್ನಾಯು, ಮೂಳೆಗಳ ಹೆಸರು ಉರುಹೊಡೆದವನು ಕಣ್ಣಿಗೆ ಕಾಣುವ ಆಕಾರವನ್ನು ಮರೆಯುತ್ತಾನೆ ಎಂಬ ಭಯ ಅವನದು. ಶಿಷ್ಯರಿಗೂ ಅದನ್ನೇ ಹೇಳುತ್ತಿದ್ದ.

ಹಾಗಾದರೆ ಅವನು ನಂಬಿದ ಶಾಸ್ತ್ರ ಯಾವುದು? ಗ್ರೀಕ್ ಹೂಜಿಗಳ ಮೇಲಿನ ಗೆರೆಚಿತ್ರ, ರೋಮಿನ ಹಳೆಯ ಶಿಲ್ಪ, ಎಲ್ಲಕ್ಕಿಂತ ಮಿಗಿಲಾಗಿ ಇಟಲಿಯ ಹಳೆಯ ಚಿತ್ರಕಾರ ರಾಫೆಲ್. ರಾಫೆಲ್ ಮೇಲಿನ ಅವನ ಭಕ್ತಿಗೆ ಮಿತಿಯೇ ಇರಲಿಲ್ಲ. ರೇಖಾಚಿತ್ರವೇ ಕಲೆಯ ಪ್ರಾಮಾಣಿಕತೆ, ಗೆರೆ ನಿಂತ ಮೇಲೆ ಬಣ್ಣ ಅದರ ಹಿಂದೆ ಬರಬೇಕು, ಕುಂಚದ ಗುರುತು ಪಟದ ಮೇಲೆ ಕಾಣಲೇಕೂಡದು: ಇದು ಅವನ ಮತ. ಪ್ರಕೃತಿಯನ್ನು ನೋಡಿ ಬರೆಯಬೇಕು ಎಂದೂ ಬಿಡದೆ ಹೇಳುತ್ತಿದ್ದ, ಅದರಂತೆ ಒಂದೊಂದು ಕೈಗೆ, ಒಂದೊಂದು ಮಡಿಕೆಗೆ ಹಾಳೆಗಟ್ಟಲೆ ಅಭ್ಯಾಸಚಿತ್ರ ಬರೆಯುತ್ತಿದ್ದ. ಮಾದರಿಯನ್ನು ನಿಷ್ಠೆಯಿಂದ ನೋಡಿದ ಮೇಲೆ, ಹಾಳೆಯಿಂದ ಹಾಳೆಗೆ ದಾಟುವಾಗ, ಗೆರೆ ಮೆಲ್ಲಗೆ ಮಾದರಿಯಿಂದ ಬಿಡಿಸಿಕೊಳ್ಳುತ್ತಿತ್ತು. ತಾನು ನಿಯಮ ಮುರಿಯುತ್ತಿದ್ದೇನೆ ಎಂದು ಅವನಿಗೆ ಅನಿಸುತ್ತಿತ್ತೆಂದು ನಾನು ನಂಬುವುದಿಲ್ಲ. ರಾಫೆಲ್‌ನ ಹಾದಿಯಲ್ಲೇ ಇದ್ದೇನೆ ಎಂಬ ಪೂರ್ಣ ಭರವಸೆ ಅವನಿಗಿತ್ತು. ಅಲ್ಲೇ ಅವನ ವಿಚಿತ್ರ ಇರುವುದು.

ಸಮಕಾಲೀನರಿಗೆ ಅವನು ಶಾಸ್ತ್ರೀಯನಾಗಿ ಕಂಡದ್ದು ಬಹಳ ತಡವಾಗಿ. 1806ರ ಸಲೋನ್‌ನಲ್ಲಿ ಸಿಂಹಾಸನದ ಮೇಲೆ ಕುಳಿತ ನೆಪೋಲಿಯನ್ನನ ಚಿತ್ರವನ್ನಿಟ್ಟಾಗ ‘ಗಾಥಿಕ್’ ಎಂದು ಬೈಸಿಕೊಂಡ. ರಾಫೆಲ್‌ಗೂ ಹಿಂದಿನ ಒರಟು ಕಾಲಕ್ಕೆ ಕಲೆಯನ್ನು ಎಳೆದೊಯ್ಯುತ್ತಿದ್ದಾನೆ ಎಂಬುದು ಆರೋಪ. ಸುದ್ದಿ ಕೇಳುವ ಹೊತ್ತಿಗೆ ಅವನು ರೋಮಿನ ದಾರಿ ಹಿಡಿದಾಗಿತ್ತು. ಮುನಿಸಿಕೊಂಡ. ವಿದ್ಯಾರ್ಥಿವೇತನದ ಅವಧಿ ಮುಗಿದರೂ ಹಿಂದಿರುಗಲಿಲ್ಲ. ರೋಮಿನಲ್ಲಿ ಹದಿನಾಲ್ಕು ವರ್ಷ, ಫ್ಲಾರೆನ್ಸಿನಲ್ಲಿ ನಾಲ್ಕು ವರ್ಷ, ಒಟ್ಟು ಹದಿನೆಂಟು ವರ್ಷ ಇಟಲಿಯಲ್ಲೇ ಕಳೆದ. 1813ರಲ್ಲಿ ಮದ್ಲೆನ್ ಶಪೆಲ್ ಎಂಬಾಕೆಯನ್ನು ಮುಖ ನೋಡದೆ, ಬರೀ ಪತ್ರದಲ್ಲೇ ಮಾತು ಮುಗಿಸಿ ಮದುವೆಯಾದ. ನಮ್ಮ ಅಜ್ಜ ಅಜ್ಜಿಯರ ಕಾಲದ ಮದುವೆಯಂತೆ ಅದೂ ಚೆನ್ನಾಗಿಯೇ ನಡೆಯಿತು.

1815ರ ನಂತರ ಫ್ರೆಂಚ್ ಅಧಿಕಾರಿಗಳು ರೋಮ್ ಬಿಟ್ಟರು, ಕೆಲಸ ಕೊಡುವವರೇ ಇಲ್ಲವಾದರು. ಹೊಟ್ಟೆಪಾಡಿಗೆ ಆಂಗ್ರ್ ಊರಿಗೆ ಬರುವ ಪ್ರವಾಸಿಗರ, ಅದರಲ್ಲೂ ಇಂಗ್ಲಿಷರ, ಪೆನ್ಸಿಲ್ ಭಾವಚಿತ್ರ ಬರೆದುಕೊಟ್ಟ. ಆ ಕೆಲಸದ ಬಗ್ಗೆ ಅವನಿಗೆ ತಾತ್ಸಾರ. ಪುಟ್ಟ ಭಾವಚಿತ್ರ ಬರೆಯುವವನ ಮನೆ ಇದೇನಾ ಎಂದು ಬಾಗಿಲು ತಟ್ಟಿದವರಿಗೆ, ಇಲ್ಲಿರುವವನು ಚಿತ್ರಕಾರ ಎಂದು ಹೇಳಿ ಕಳಿಸಿದನೆಂಬ ಕಥೆಯಿದೆ. ಪುರಾಣ ಮತ್ತು ಇತಿಹಾಸದ ದೊಡ್ಡ ಪಟಗಳೇ ನಿಜವಾದ ಕಲೆ ಎಂದು ಅವನು ಕೊನೆಯವರೆಗೂ ನಂಬಿದ್ದ. ಈ ವಿಷಯದಲ್ಲಿ ನಾನು ಅವನ ಪಕ್ಷವಲ್ಲ, ಕಾರಣ ಮುಂದೆ ಹೇಳುತ್ತೇನೆ.

ಅದೃಷ್ಟ ತಿರುಗಿದ್ದು 1824ರಲ್ಲಿ, ಹುಟ್ಟೂರಿನ ಚರ್ಚಿಗೆಂದು ಬರೆದ ‘ಹದಿಮೂರನೆಯ ಲೂಯಿಯ ಹರಕೆ’ಯಿಂದ. ರಾಫೆಲ್‌ನ ಮಡೋನಾ ಅದರಲ್ಲಿ ಎದ್ದು ಕಾಣುತ್ತಾಳೆ. ಅದೇ ಸಲೋನ್‌ನಲ್ಲಿ ಇಪ್ಪತ್ತಾರರ ತರುಣ ದೆಲಕ್ರುವಾ, ಬಣ್ಣವೇ ಉಕ್ಕಿ ಹರಿಯುವ ‘ಕಿಯೋಸ್ ದ್ವೀಪದ ಹತ್ಯಾಕಾಂಡ’ವನ್ನು ಇಟ್ಟಿದ್ದ. ಹೊಸ ಗಾಳಿಗೆ ಬೆಚ್ಚಿದ ಹಿರಿಯರಿಗೆ ಒಬ್ಬ ಸೇನಾಪತಿ ಬೇಕಾಗಿದ್ದ, ಮೊನ್ನೆಯವರೆಗೆ ಗಾಥಿಕ್ ಆಗಿದ್ದ ಆಂಗ್ರ್ ರಾತ್ರೋರಾತ್ರಿ ಸಂಪ್ರದಾಯದ ಕಾವಲುಗಾರನಾದ. ಮರುವರ್ಷ ಫ್ರಾನ್ಸಿನ ಕಲಾ ಅಕಾಡೆಮಿಯ ಸದಸ್ಯತ್ವ ಬಂತು, ಶಿಷ್ಯರ ದಂಡು ಬಂತು. ನಿಮ್ಮ ಪುಸ್ತಕದ ‘ಕಟ್ಟಾಳು’ ಹುಟ್ಟಿದ್ದು ಹೀಗೆ. ಆ ಪಾತ್ರವನ್ನು ಅವನು ಗಂಭೀರವಾಗಿಯೇ ನಿರ್ವಹಿಸಿದ, ಸಣ್ಣತನದಿಂದಲೂ ನಿರ್ವಹಿಸಿದ. ದೆಲಕ್ರುವಾ ಮತ್ತೆ ಮತ್ತೆ ಪ್ರಯತ್ನಿಸಿ ಕೊನೆಗೆ ಅಕಾಡೆಮಿಯೊಳಗೆ ಕಾಲಿಟ್ಟದ್ದು 1857ರಲ್ಲಿ. ಆಂಗ್ರ್‌ನ ವಿರೋಧ ಎಂದೂ ಸಡಿಲವಾಗಲಿಲ್ಲ. ಟೀಕೆಯನ್ನಂತೂ ಸಹಿಸುತ್ತಲೇ ಇರಲಿಲ್ಲ. 1834ರಲ್ಲಿ ‘ಸಂತ ಸಿಂಫೋರಿಯನ್‌ನ ಬಲಿ’ಗೆ ತಣ್ಣನೆಯ ಸ್ವಾಗತ ಸಿಕ್ಕಿದಾಗ ಇನ್ನು ಸಲೋನ್ ಸಹವಾಸವೇ ಬೇಡವೆಂದು ಆಣೆಯಿಟ್ಟು, ರೋಮಿನ ಫ್ರೆಂಚ್ ಅಕಾಡೆಮಿಯ ನಿರ್ದೇಶಕನಾಗಿ ಹೊರಟೇಬಿಟ್ಟ.

ಚಿತ್ರ ಮುಗಿಸುವುದಕ್ಕೆ ಅವನು ತೆಗೆದುಕೊಳ್ಳುತ್ತಿದ್ದ ಕಾಲ ಕೇಳಿದರೆ ಗಿರಾಕಿಗಳ ಮೇಲೆ ಮರುಕ ಹುಟ್ಟುತ್ತದೆ. ಮೊಯಿತೆಸ್ಸಿಯೆ ಎಂಬ ಶ್ರೀಮಂತರ ಹೆಂಡತಿಯ ಭಾವಚಿತ್ರ ಒಪ್ಪಿಕೊಂಡದ್ದು 1844ರಲ್ಲಿ. ಪಕ್ಕದಲ್ಲಿ ಪುಟ್ಟ ಮಗಳೂ ಇರಬೇಕಿತ್ತು. ಮಗು ಕೂತಲ್ಲಿ ಕೂರಲಿಲ್ಲ, ಆಮೇಲೆ ಬೆಳೆದುಬಿಟ್ಟಿತು, ಚಿತ್ರದಿಂದ ಮಾಯವಾಯಿತು. 1849ರಲ್ಲಿ ಮದ್ಲೆನ್ ತೀರಿಕೊಂಡಾಗ ಆಂಗ್ರ್ ತಿಂಗಳುಗಟ್ಟಲೆ ಕೆಲಸ ಮುಟ್ಟಲಿಲ್ಲ. ನಡುವೆ ಅದೇ ಹೆಂಗಸು ಕಪ್ಪು ಉಡುಪಿನಲ್ಲಿ ನಿಂತ ಇನ್ನೊಂದು ಚಿತ್ರವನ್ನು 1851ರಲ್ಲಿ ಕೊಟ್ಟು ಸಮಾಧಾನ ಮಾಡಿದ. ಕುಳಿತ ಚಿತ್ರ ಮುಗಿದದ್ದು 1856ರಲ್ಲಿ, ಹನ್ನೆರಡು ವರ್ಷಕ್ಕೆ. ಕೆನ್ನೆಗೆ ಬೆರಳು ಆನಿಸಿದ ಆ ಭಂಗಿ ಹರ್ಕ್ಯುಲೇನಿಯಮ್ ಊರಿನ ಪ್ರಾಚೀನ ಭಿತ್ತಿಚಿತ್ರದ ದೇವಿಯದು. ಹಿಂದಿನ ಕನ್ನಡಿಯಲ್ಲಿ ಅವಳ ಮುಖ ಪಕ್ಕದಿಂದ ಕಾಣುತ್ತದೆ, ಯಾವ ಕನ್ನಡಿಯೂ ಹಾಗೆ ತೋರಿಸಲಾರದು. ಅಲ್ಲೂ ನಿಜಕ್ಕಿಂತ ಗೆರೆಯ ಮಾತೇ ನಡೆದಿದೆ.

1808ರಲ್ಲಿ ಬರೆದ ‘ವಾಲ್ಪಿನ್ಸೊನ್ ಸ್ನಾನದ ಹೆಂಗಸು’ ಚಿತ್ರದ ಬೆನ್ನನ್ನು ಅವನು ಜೀವನಪೂರ್ತಿ ಬಿಡಲಿಲ್ಲ. 1862ರಲ್ಲಿ, ಎಂಬತ್ತೆರಡರ ವಯಸ್ಸಿನಲ್ಲಿ, ‘ತುರ್ಕಿ ಸ್ನಾನಗೃಹ’ದ ಮುಂಭಾಗದಲ್ಲಿ ಅದೇ ಬೆನ್ನು ತಂತಿವಾದ್ಯ ನುಡಿಸುತ್ತ ಕುಳಿತಿದೆ. ಮೊದಲು ಚೌಕವಾಗಿದ್ದ ಈ ಪಟವನ್ನು ಕೊಂಡ ರಾಜಕುಮಾರನ ಹೆಂಡತಿ ಬೇಡವೆಂದಳು. ವಾಪಸು ಬಂದದ್ದನ್ನು ಆಂಗ್ರ್ ಕತ್ತರಿಸಿ ಗುಂಡಗೆ ಮಾಡಿದ, ತನ್ನ ವಯಸ್ಸನ್ನೂ ಹೆಮ್ಮೆಯಿಂದ ಅದರ ಮೇಲೆ ಬರೆದ. ಅವನು ತುರ್ಕಿಯನ್ನು ಕಂಡವನೇ ಅಲ್ಲ. ಇಂಗ್ಲಿಷ್ ರಾಯಭಾರಿಯ ಹೆಂಡತಿ ಮೇರಿ ಮಾಂಟೆಗ್ಯೂ ಅದಕ್ಕೂ ಸುಮಾರು ನೂರೈವತ್ತು ವರ್ಷ ಹಿಂದೆ ಬರೆದ ಪತ್ರಗಳನ್ನು ಓದಿ ಕಟ್ಟಿಕೊಂಡ ಕನಸು ಅದು. ಯುರೋಪಿನ ಗಂಡಸು ಪೂರ್ವದೇಶದ ಹೆಂಗಸನ್ನು ಹೀಗೆ ಸೋಮಾರಿ ಗೊಂಬೆಯಾಗಿ ಕಲ್ಪಿಸಿಕೊಂಡದ್ದರ ಬಗ್ಗೆ ಇಂದು ಕೇಳುವ ಪ್ರಶ್ನೆಗಳು ನ್ಯಾಯವಾದವು, ‘ಒಡಾಲಿಸ್ಕ್’ಗೂ ಅನ್ವಯಿಸುತ್ತವೆ. ಬೆನ್ನಿನ ಗೆರೆ ಮೆಚ್ಚಿದ ಮಾತ್ರಕ್ಕೆ ಆ ಪ್ರಶ್ನೆಗಳನ್ನು ಬಿಟ್ಟುಕೊಡಬೇಕಾಗಿಲ್ಲ.

ಇನ್ನು, ಯಾವುದರಿಂದ ಶುರು? ‘ಹೋಮರನ ದೈವೀಕರಣ’ದಂಥ ದೊಡ್ಡ ಪಟಗಳಿಂದ ಬೇಡ. ಕವಿ, ಕಲಾವಿದರನ್ನೆಲ್ಲ ಮೆಟ್ಟಿಲ ಮೇಲೆ ಸಾಲಾಗಿ ನಿಲ್ಲಿಸಿದ ಆ ಚಿತ್ರ ಗುಂಪು ಫೋಟೋ ಇದ್ದಂತಿದೆ. ಅವನು ಹೀಗಳೆದ ಪೆನ್ಸಿಲ್ ಭಾವಚಿತ್ರಗಳನ್ನೇ ಮೊದಲು ನೋಡಿ. ಸುಮಾರು 450 ಉಳಿದಿವೆ. ಅಭ್ಯಾಸಚಿತ್ರಗಳೂ ಬೇಕೆಂದರೆ, ಅವನೇ ಹುಟ್ಟೂರಿಗೆ ಬಿಟ್ಟುಹೋದ 4 ಸಾವಿರಕ್ಕೂ ಹೆಚ್ಚು ಹಾಳೆಗಳು ಮೊಂತೊಬಾನ್‌ನ ಸಂಗ್ರಹಾಲಯದಲ್ಲಿವೆ. ಭಾವಚಿತ್ರಗಳಲ್ಲಿ ನನ್ನ ಆಯ್ಕೆ ಎರಡು, ಎರಡೂ ಲೂವ್ರ್‌ನಲ್ಲಿವೆ: ಪಿಯಾನೊ ಸುತ್ತ ನೆರೆದ ಸ್ತಮಾತಿ ಕುಟುಂಬ (1818), ಪಿಟೀಲುವಾದಕ ಪಗನೀನಿ (1819). ಆಂಗ್ರ್ ಸ್ವತಃ ಪಿಟೀಲು ಬಲ್ಲವನು, ಹುಡುಗನಾಗಿದ್ದಾಗ ತುಲೂಸ್‌ನ ವಾದ್ಯವೃಂದದಲ್ಲಿ ನುಡಿಸಿದವನು, ಹಾಗಾಗಿ ಪಗನೀನಿಯ ಬೆರಳುಗಳನ್ನು ಅವನು ನೋಡಿದ ರೀತಿಯೇ ಬೇರೆ. ಮುಖವನ್ನು ಗಡುಸು ಪೆನ್ಸಿಲ್‌ನಿಂದ ಕಣ್ಣೆವೆಯವರೆಗೆ ತಿದ್ದಿದ್ದಾನೆ. ಕೋಟಿಗೆ ಬಂದಾಗ ಕೈ ಸಡಿಲ ಬಿಟ್ಟಿದ್ದಾನೆ. ತೋಳು ನಾಲ್ಕಾರು ಗೆರೆಯಲ್ಲಿ ಮುಗಿದಿದೆ, ಬಟ್ಟೆಯೊಳಗೆ ಮೊಣಕೈ ಎಲ್ಲಿ ಮಡಿಚಿದೆ ಎಂದು ಮಾತ್ರ ಅನುಮಾನವೇ ಬರುವುದಿಲ್ಲ.