ಲೋಟದ ಲೆಕ್ಕ

ಮಗಾ, ಬೆಂಗಳೂರಿನ ಹೋಟೆಲಲ್ಲಿ ಸಪ್ಲೈಯರ್ ಕೆಲಸ ಸಿಕ್ಕಿತು ಅಂತ ಕೆರೆ ಏರಿ ಮೇಲೆ ಸಿಕ್ಕವರಿಗೆಲ್ಲ ಹೇಳಿದೀಯಂತೆ. ಒಳ್ಳೇದಾಗಲಿ. ಸಂಬಳ ಎಷ್ಟು ಅಂತ ಎಲ್ಲರೂ ಕೇಳಿರ್ತಾರೆ. ನಾನು ಕೇಳೋದು ಬೇರೆ: ಕೆಲಸಕ್ಕೆ ಸೇರಿಸಿಕೊಂಡಿದ್ದಕ್ಕೆ ಕಾಗದ ಕೊಟ್ಟರಾ?

ನಾನು ದೊಡ್ಡಗದ್ದವಳ್ಳಿ ಬಿಟ್ಟು ಹಾಸನದಲ್ಲಿ ಕ್ಲೀನರ್ ಆಗಿ ಸೇರಿದಾಗ ಈ ಮಾತು ಕೇಳೋರು ಇರಲಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಒಲೆ ಹಚ್ಚೋದು, ರಾತ್ರಿ ಟೇಬಲ್ ಒರೆಸಿ ಅದರ ಪಕ್ಕದಲ್ಲೇ ಚಾಪೆ ಹಾಸೋದು. ಒಡೆದ ಲೋಟದ ಕಾಸು ಸಂಬಳದಲ್ಲಿ ಮುರೀತಿದ್ದರು. ಆ ಲೆಕ್ಕ ಮಾತ್ರ ಪುಸ್ತಕದಲ್ಲಿ ಅಚ್ಚುಕಟ್ಟಾಗಿರ್ತಿತ್ತು. ಐದು ವರ್ಷ ದುಡಿದವನಿಗೆ ವರ್ಷಕ್ಕೆ ಹದಿನೈದು ದಿನದ ಸಂಬಳದಂತೆ ಗ್ರಾಚುಟಿ ಕೊಡಬೇಕು ಅಂತ 1972ರಲ್ಲೇ ಕಾನೂನು ಬಂದಿತ್ತು. ಹದಿಮೂರು ವರ್ಷ ದುಡಿದು ಬಿಡುವಾಗ ಕೇಳಿದೆ. ನೀನು ಇಲ್ಲಿದ್ದೆ ಅನ್ನೋದಕ್ಕೆ ಏನಿದೆ ಅಂದರು! ಊಟ ಮಾತ್ರ ಹೊಟ್ಟೆ ತುಂಬ ಹಾಕಿದ್ದರು, ಸುಳ್ಳು ಹೇಳಬಾರದು. ಆ ಅನ್ನವೇ ನಮ್ಮ ಬಾಯಿ ಕಟ್ಟಿತ್ತೋ ಏನೋ.

ರಜೆ ಸಿಕ್ಕಾಗ ಚರ್ಚ್ ಸ್ಟ್ರೀಟಿನ ಇಂಡಿಯನ್ ಕಾಫಿ ಹೌಸಿಗೆ ಹೋಗು. 2009ರವರೆಗೆ ಎಂ.ಜಿ. ರಸ್ತೆಯಲ್ಲಿತ್ತು. ಪೇಟ ಕಟ್ಟಿದವರು ಕಾಫಿ ತಂದಿಡ್ತಾರೆ. ಆ ಹೋಟೆಲ್ ಕೆಲಸಗಾರರ ಸೊಸೈಟಿಯದ್ದು. ಮೊದಲು ಕಾಫಿ ಬೋರ್ಡೇ ಕಾಫಿ ಹೌಸುಗಳನ್ನ ನಡೆಸ್ತಿತ್ತು. 1950ರ ದಶಕದ ನಡುವೆ ಅವನ್ನು ಮುಚ್ಚೋಕೆ ಹೊರಟಿತು. ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್, ನೀವೇ ಸೇರಿ ನಡೆಸಿ ಅಂತ ಕೆಲಸಗಾರರ ಬೆನ್ನಿಗೆ ನಿಂತರು. 1957ರ ಆಗಸ್ಟ್ 19ರಂದು ಬೆಂಗಳೂರಿನಲ್ಲೇ ಅವರ ಮೊದಲ ಸಹಕಾರ ಸಂಘ ಆಯ್ತು. ಅಕ್ಟೋಬರಿಗೆ ದೆಹಲಿಯಲ್ಲಿ ಸ್ವಂತ ಕಾಫಿ ಹೌಸ್ ತೆರೆದೇಬಿಟ್ಟರು. ಹೇಗಾಯ್ತು ಗೊತ್ತಾ? ಅವರ ಯೂನಿಯನ್ ಮೊದಲೇ ಇತ್ತು. ಬೋರ್ಡು ಬೀಗ ಹಾಕಿದ ಮೇಲೆ ಒಬ್ಬರನ್ನೊಬ್ಬರು ಹುಡುಕಿಕೊಂಡು ಹೊರಟಿದ್ದರೆ ಎಲ್ಲರೂ ಅವರವರ ಊರಿನ ಬಸ್ ಹತ್ತಿರ್ತಿದ್ದರು, ನಾನು ಹತ್ತಿದ ಹಾಗೆ.

ನಾನಿನ್ನೂ ಚಿಕ್ಕವನು ಅನ್ನಬೇಡ. ಜಾರ್ಜ್ ಫರ್ನಾಂಡಿಸ್ ಮಂಗಳೂರಿನ ಹೋಟೆಲ್ ಕೆಲಸಗಾರರನ್ನ ಒಟ್ಟು ಮಾಡೋಕೆ ಶುರು ಮಾಡಿದಾಗ ಅವರಿಗೆ ಹತ್ತೊಂಬತ್ತು ಇರಬೇಕು, ನಿನ್ನದೇ ವಯಸ್ಸು. ಹೋದ ದಿನವೇ ಬಾವುಟ ಹಿಡಿ ಅಂತಲೂ ಹೇಳ್ತಿಲ್ಲ. ಜೊತೆಗೆ ಮಲಗೋ ಹುಡುಗರ ಊರು ಯಾವುದು, ಯಾರಿಗೆಷ್ಟು ಸಂಬಳ, ಯಾರಿಗೆ ಪಿ.ಎಫ್. ಕಟ್ತಿದಾರೆ, ಅಷ್ಟು ತಿಳಕೋ. ಅಡುಗೆ ಭಟ್ಟರನ್ನೂ ಬಿಡಬೇಡ, ಎಷ್ಟೋ ವಿಷಯ ಗಲ್ಲಾಕ್ಕಿಂತ ಮೊದಲು ಒಲೆ ಹತ್ತಿರ ಗೊತ್ತಾಗುತ್ತೆ.

ಹಬ್ಬಕ್ಕೆ ಬರುವಾಗ ಸ್ವೀಟ್ ಬಾಕ್ಸ್ ತರದಿದ್ದರೂ ಪರವಾಗಿಲ್ಲ, ಸಂಬಳದ ಚೀಟಿ ತಾ. ಕನ್ನಡಕ ಹಾಕಿಕೊಂಡು ನಾನೇ ಓದ್ತೀನಿ.