ಮುಚ್ಚಿದ ಬಾಗಿಲ ಹಿಂದೆ: ಲಾಕ್‌ಡೌನ್‌ನಲ್ಲಿ ಕೌಟುಂಬಿಕ ಹಿಂಸೆ ಹೆಚ್ಚಿದ್ದೇಕೆ?



ಈ ತಿಂಗಳ ಅಧ್ಯಯನಕ್ಕೆ ನಾವು ಆರಿಸಿಕೊಂಡ ವಿಷಯ ಮಾತಾಡಲು ಹಿತವಾದದ್ದಲ್ಲ. ಆದರೂ ಮಾತಾಡಲೇಬೇಕಾದದ್ದು.

2020ರ ಮಾರ್ಚ್ 25ರಿಂದ ದೇಶವೆಲ್ಲ ಲಾಕ್‌ಡೌನ್ ಆಯಿತು. ಮನೆಯಲ್ಲಿದ್ದರೆ ಕ್ಷೇಮ ಎಂದು ನಾವೆಲ್ಲ ನಂಬಿದೆವು. ಆದರೆ ಆ ವರ್ಷದ ಫೆಬ್ರವರಿ 27ರಿಂದ ಮಾರ್ಚ್ 22ರವರೆಗೆ ರಾಷ್ಟ್ರೀಯ ಮಹಿಳಾ ಆಯೋಗಕ್ಕೆ ಕೌಟುಂಬಿಕ ಹಿಂಸೆಯ 123 ದೂರು ಬಂದಿದ್ದರೆ, ಮುಂದಿನ 25 ದಿನಗಳಲ್ಲಿ 239 ಬಂದವು.

ಲಾಕ್‌ಡೌನ್ ಒಳ್ಳೆಯ ಗಂಡಂದಿರನ್ನು ಕೆಟ್ಟವರನ್ನಾಗಿ ಮಾಡಿತೇ? ಇಲ್ಲ. ಅದಕ್ಕೂ ಮುಂಚೆ, 2019ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಮದುವೆಯಾದ ಹೆಂಗಸರಲ್ಲಿ ತೆಲಂಗಾಣದ ಶೇ. 36.9, ಕರ್ನಾಟಕದ ಶೇ. 44.4 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದರು. ಹಿಂಸೆ ಮೊದಲೇ ಇತ್ತು. ಲಾಕ್‌ಡೌನ್ ಮುಚ್ಚಿದ್ದು ಅದರಿಂದ ಪಾರಾಗುವ ಬಾಗಿಲುಗಳನ್ನು.

ಮೊದಲನೆಯದು ತವರು. 1956ರವರೆಗೆ ಜಹೀರಾಬಾದ್, ನಾರಾಯಣಖೇಡ ಬೀದರ್ ಜಿಲ್ಲೆಯಲ್ಲಿದ್ದವು; ತಾಂಡೂರು ಗುಲ್ಬರ್ಗ ಜಿಲ್ಲೆಯಲ್ಲಿತ್ತು. ರಾಜ್ಯಗಳು ಬೇರೆಯಾದರೂ ಬೀಗತನ ಬಿಡಲಿಲ್ಲ. ನಮ್ಮ ಎಷ್ಟೋ ಸೊಸೆಯಂದಿರ ತವರು ಬೀದರ್, ಹುಮನಾಬಾದ್, ಸೇಡಂ, ಚಿಂಚೋಳಿ ಕಡೆ. ಹೊಡೆತ ತಾಳದಾದಾಗ ಬಸ್ಸು ಹತ್ತಿ ನಾಲ್ಕು ದಿನ ಅವ್ವನ ಮನೆಗೆ ಹೋಗುವುದಿತ್ತು. ಬಸ್ಸು ನಿಂತವು, ಗಡಿ ಮುಚ್ಚಿತು.

ಎರಡನೆಯದು ದುಡಿಮೆ. ತಾಂಡೂರಿನ ಕಲ್ಲುಗಣಿ, ಜಹೀರಾಬಾದಿನ ಕಾರ್ಖಾನೆಗಳು ನಿಂತವು. ಮನೆಯಲ್ಲಿ ಚಿಂತೆ ಬೆಳೆಯಿತು. ಹೆಂಗಸಿನ ಕೈಯಲ್ಲಿ ನಾಲ್ಕು ಕಾಸೂ ಇಲ್ಲದಾಯಿತು.

ಮೂರನೆಯದು ನಾಲ್ಕು ಜನರ ಕಣ್ಣು. ಸ್ವಸಹಾಯ ಸಂಘದ ಸಭೆ, ಸಂತೆ, ಭಾನುವಾರದ ಬಲಿಪೂಜೆ ಯಾವುದೂ ಇರಲಿಲ್ಲ. ಮುಖದ ಬಾವು ಕಂಡು "ಏನಾಯ್ತವ್ವ?" ಎಂದು ಕೇಳುವವರೇ ಇಲ್ಲವಾದರು. ಮನೆಗೊಂದೇ ಫೋನು, ಅದೂ ಗಂಡನ ಕೈಯಲ್ಲಿದ್ದರೆ ದೂರು ಕೊಡುವುದು ಹೇಗೆ?

"ಎಲ್ಲ ಕುಡಿತದಿಂದ" ಎನ್ನುವವರಿದ್ದಾರೆ. ಕುಡಿತ ಬೆಂಕಿಗೆ ತುಪ್ಪ ಸುರಿಯುತ್ತದೆ, ನಿಜ. ಆದರೆ ದೂರುಗಳು ಹೆಚ್ಚಿದ ಆ ದಿನಗಳಲ್ಲಿ ಮದ್ಯದಂಗಡಿಗಳು ಮುಚ್ಚಿದ್ದವು. ತೆಲಂಗಾಣದಲ್ಲಿ ಅವು ತೆರೆದದ್ದು ಮೇ 6ಕ್ಕೆ. ಬೇರು ಇನ್ನೂ ಆಳದಲ್ಲಿದೆ: "ಹೆಂಡತಿ ನನ್ನ ಅಧೀನ, ನಾನು ಹೊಡೆಯಬಹುದು" ಎಂಬ ಭಾವನೆಯಲ್ಲಿ.

ಧರ್ಮಸಭೆ ಏನು ಹೇಳುತ್ತದೆ?

ಸಂತ ಪೌಲರು ಎಫೆಸದವರಿಗೆ ಬರೆದ ಪತ್ರದ 5ನೇ ಅಧ್ಯಾಯವನ್ನು ಕೆಲವರು ಅರ್ಧ ಓದಿ, ಹೆಂಡತಿ ತಗ್ಗಬೇಕು ಎನ್ನುತ್ತಾರೆ. ಅಲ್ಲೇ ಗಂಡನಿಗೆ ಕೊಟ್ಟ ಆಜ್ಞೆ ಇನ್ನೂ ಭಾರವಾದದ್ದು: ಕ್ರಿಸ್ತರು ಧರ್ಮಸಭೆಗಾಗಿ ಪ್ರಾಣ ಕೊಟ್ಟಂತೆ ಪ್ರೀತಿಸಬೇಕು. 2020ರ ಏಪ್ರಿಲ್ 13ರಂದು, ಪಾಸ್ಖದ ಮರುದಿನ, ಜಗದ್ಗುರು ಫ್ರಾನ್ಸಿಸ್‌ರವರು ಮನೆಯೊಳಗೆ ಹಿಂಸೆಯ ಅಪಾಯದಲ್ಲಿರುವ ಹೆಂಗಸರನ್ನು ನೆನೆದರು. ಸಂಗಾತಿಯಿಂದ ತನಗೋ ಮಕ್ಕಳಿಗೋ ದೊಡ್ಡ ಅಪಾಯವಿದ್ದರೆ ಬೇರೆ ಇರಲು ಧರ್ಮಸಭೆಯ ಕಾನೂನಿನ 1153ನೇ ವಿಧಿ ಅವಕಾಶ ಕೊಡುತ್ತದೆ. ಜೀವ ಉಳಿಸಿಕೊಳ್ಳಲು ಮನೆ ಬಿಟ್ಟವಳು ವಿವಾಹ ಸಂಸ್ಕಾರಕ್ಕೆ ದ್ರೋಹ ಬಗೆದವಳಲ್ಲ.

ನಾವೇನು ಮಾಡಬಹುದು?

2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ಪ್ರಕಾರ ಹೊಡೆತವಷ್ಟೇ ಅಲ್ಲ, ಬೈಗುಳ, ಅವಮಾನ, ಖರ್ಚಿಗೆ ಹಣ ಕೊಡದಿರುವುದೂ ಹಿಂಸೆಯೇ. ಗಂಡನ ಮನೆಯಲ್ಲೇ ವಾಸಿಸುವ ಹಕ್ಕೂ ಆಕೆಗಿದೆ. ಮಹಿಳಾ ಸಹಾಯವಾಣಿ 181, ಮಕ್ಕಳಿಗೆ 1098, ತುರ್ತಿಗೆ 112, ಉಚಿತ ಕಾನೂನು ನೆರವಿಗೆ 15100. ಈ ಸಂಖ್ಯೆಗಳನ್ನು ಬಾಯಿಪಾಠ ಮಾಡೋಣ. ಆಕೆಗೆ ತೆಲುಗು ಬಾರದಿದ್ದರೆ ಪಕ್ಕದಲ್ಲಿ ಕೂತು ನಾವೇ ಮಾತಾಡೋಣ. ಆಕೆಯ ಒಪ್ಪಿಗೆಯಿಲ್ಲದೆ ಗಂಡನ ಹತ್ತಿರ ಪಂಚಾಯಿತಿಗೆ ಹೋಗುವುದು ಬೇಡ; ಆ ರಾತ್ರಿ ಇನ್ನಷ್ಟು ಹೊಡೆತ ಬೀಳಬಹುದು.

"ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ" ಎಂಬ ಗಾದೆ ಜಗಳಕ್ಕೆ ಸರಿ, ಹಿಂಸೆಗೆ ಅಲ್ಲ. ಲಾಕ್‌ಡೌನ್ ಮುಗಿದಿದೆ. ಹಾಗಿದ್ದರೂ ಬಾಗಿಲು ತೆರೆಯದ ಮನೆಗಳು ಇಂದಿಗೂ ನಮ್ಮ ಓಣಿಗಳಲ್ಲಿ ಇರಬಹುದು.

ಚರ್ಚೆಗೆ
1. ಹಲವು ವಾರ ಪೂಜೆಗೆ ಬಾರದ ಸಹೋದರಿಯನ್ನು ನಮ್ಮಲ್ಲಿ ಯಾರು ವಿಚಾರಿಸುತ್ತಾರೆ?
2. "ಹೊಂದಿಕೊಂಡು ಹೋಗವ್ವ" ಎನ್ನುವ ಬದಲು ನಾವು ಏನು ಹೇಳಬಹುದು?
3. ರಾತ್ರಿ ಹೊತ್ತಿನಲ್ಲಿ ಒಬ್ಬಾಕೆ ಮಕ್ಕಳೊಂದಿಗೆ ಬಂದರೆ ನಮ್ಮ ಧರ್ಮಕೇಂದ್ರದಲ್ಲಿ ಯಾವ ಮನೆ ಬಾಗಿಲು ತೆರೆಯುತ್ತದೆ?