ಟೆಸ್ಟ್ ದಿನ ಕಾಲು ನಡುಗಿದರೆ?

ಪ್ರಶ್ನೆ: ನನಗೆ 52 ವರ್ಷ. ಮಕ್ಕಳು ಕೆಲಸಕ್ಕೆಂದು ಬೇರೆ ಊರು ಸೇರಿದ ಮೇಲೆ ಕಾರು ಕಲಿತೆ. ಕಲಿಸುವವರು ಪಕ್ಕದಲ್ಲಿದ್ದರೆ ರಸ್ತೆಯಲ್ಲಿ ಚೆನ್ನಾಗಿಯೇ ಓಡಿಸುತ್ತೇನೆ. ಮುಂದಿನ ವಾರ ಆರ್‌ಟಿಒದಲ್ಲಿ ಟೆಸ್ಟ್. 'ಎಚ್' ಹಾಕುವಾಗ ಕಂಬಕ್ಕೆ ತಾಗಿಸಿದರೆ ಫೇಲ್ ಅಂತಾರೆ. ಬ್ರೇಕ್ ಇನ್‌ಸ್ಪೆಕ್ಟರ್ ಎದುರಿಗೇ ಗಾಡಿ ಆಫ್ ಆಗಿಬಿಟ್ಟರೆ ಏನು ಮಾಡಲಿ? ನೆನೆಸಿಕೊಂಡರೇ ಕಾಲು ನಡುಗುತ್ತದೆ.
– ಗೃಹಿಣಿ, ದಾವಣಗೆರೆ

ಉತ್ತರ: ರಸ್ತೆಯಲ್ಲಿ ಸಲೀಸಾಗಿ ಓಡಿಸುವವರಿಗೂ ಎಚ್ ಎಂದರೆ ಕೈಕಾಲು ತಣ್ಣಗಾಗುತ್ತದೆ. ಗುರುತಿಲ್ಲದ ಅಧಿಕಾರಿ, ಸುತ್ತ ನಿಂತು ನೋಡುವ ಜನ, ಅದರ ನಡುವೆ ಹಿಂದಕ್ಕೆ ಬರಬೇಕು, ಭಯವಾಗದಿದ್ದರೇ ಆಶ್ಚರ್ಯ. ಇದು ವಯಸ್ಸಿನ ದೋಷವೆಂದು ದಯವಿಟ್ಟು ತಿಳಿಯಬೇಡಿ. ಹದಿನೆಂಟರ ಹುಡುಗರ ಕಾಲೂ ಕ್ಲಚ್ ಮೇಲೆ ಹೀಗೇ ನಡುಗುತ್ತದೆ.

ಮೋಟಾರು ವಾಹನ ನಿರೀಕ್ಷಕರು (ನೀವು ಹೇಳುವ ಬ್ರೇಕ್ ಇನ್‌ಸ್ಪೆಕ್ಟರ್) ಏನೇನು ನೋಡಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಬರೆದಿದೆ. ಕನ್ನಡಿ ಸರಿಪಡಿಸಿಕೊಳ್ಳುವುದು, ಸುರಕ್ಷಿತವಾಗಿ ಹೊರಡುವುದು, ಎಡಕ್ಕೂ ಬಲಕ್ಕೂ ತಿರುಗುವುದು, ಸಿಗ್ನಲ್ ಕೊಡುವುದು, ತುರ್ತಾಗಿ ನಿಲ್ಲಿಸುವುದು, ಹಿಂದಕ್ಕೆ ಬಂದು ಇಕ್ಕಟ್ಟಾದ ಜಾಗಕ್ಕೆ ಗಾಡಿ ಸೇರಿಸುವುದು ಎಲ್ಲವೂ ಅದರಲ್ಲಿವೆ. ಎಚ್ ಟ್ರ್ಯಾಕ್ ಇರುವುದು ಈ ಕೊನೆಯ ಕೆಲಸಕ್ಕೆ. ಆದರೆ ಪಟ್ಟಿ ಶುರುವಾಗುವುದು ಕನ್ನಡಿಯಿಂದ, ಆದ್ದರಿಂದ ಕುಳಿತ ಕೂಡಲೇ ಗೇರ್ ಹಾಕಬೇಡಿ. ಸೀಟು, ಕನ್ನಡಿ, ಬೆಲ್ಟ್ ಸರಿಮಾಡಿಕೊಳ್ಳಿ. ಅಷ್ಟರಲ್ಲಿ ಉಸಿರೂ ಹತೋಟಿಗೆ ಬರುತ್ತದೆ.

ಇನ್ನು ಕಂಬದ ವಿಷಯ. ಹಿಂದಕ್ಕೆ ಬರುವಾಗ ಎಲ್ಲರ ಗಮನವೂ ಹಿಂದಿನ ಕಂಬದ ಮೇಲೇ ಇರುತ್ತದೆ, ಆದರೆ ಬಹಳ ಸಲ ತಾಗುವುದು ಮುಂದಿನ ಮೂಲೆ. ಗಾಡಿಯ ಹಿಂಭಾಗ ಒಳಗೆ ತಿರುಗಿದಂತೆ ಮೂತಿ ಹೊರಕ್ಕೆ ಬೀಸುತ್ತದೆ. ಹಿಂದಿನ ಚಕ್ರ ತಿರುವಿನ ಕಂಬದ ಸಮಕ್ಕೆ ಬರುವವರೆಗೂ ಸ್ಟೀರಿಂಗ್ ಮುಟ್ಟಬೇಡಿ. ಆಮೇಲೆ ಹಿಂಭಾಗ ಯಾವ ಕಡೆ ಹೋಗಬೇಕೋ ಆ ಕಡೆಗೇ ತಿರುಗಿಸಿ, ನಡುನಡುವೆ ಒಮ್ಮೆ ಮುಂದಿನ ಮೂಲೆಯನ್ನೂ ನೋಡಿಕೊಳ್ಳಿ. ಸಮತಟ್ಟಾದ ಜಾಗದಲ್ಲಿ ಆಕ್ಸಿಲರೇಟರ್ ಬೇಕೇ ಆಗುವುದಿಲ್ಲ. ಹಾಫ್ ಕ್ಲಚ್‌ನಲ್ಲೇ (ಕ್ಲಚ್ ಪೂರ್ತಿ ಬಿಡದೆ ಅರ್ಧಕ್ಕೆ ಹಿಡಿದು) ಗಾಡಿ ತೆವಳುತ್ತದೆ. ಟೆಸ್ಟಿಗೆ ಮುಂಚೆ ಖಾಲಿ ಮೈದಾನದಲ್ಲಿ ನಾಲ್ಕು ಇಟ್ಟಿಗೆ ಇಟ್ಟು, ಕಲಿಸುವವರ ಜೊತೆ ಇದೊಂದನ್ನೇ ಅಭ್ಯಾಸ ಮಾಡಿ.

ಗಾಡಿ ಆಫ್ ಆದರೆ ಮೊದಲು ಬ್ರೇಕ್ ಒತ್ತಿ ಹಿಡಿಯಿರಿ. ನಂತರ ಕ್ಲಚ್, ನ್ಯೂಟ್ರಲ್, ಸ್ಟಾರ್ಟ್. 'ಸಾರಿ ಸರ್' ಎನ್ನಲು ತಲೆ ತಿರುಗಿಸಿ, ಬ್ರೇಕಿನಿಂದ ಕಾಲು ಜಾರಿಸಿಕೊಂಡವರನ್ನು ಎಷ್ಟೋ ಸಲ ನೋಡಿದ್ದೇನೆ. ಗಾಡಿ ಉರುಳಲು ಬಿಡದೆ ಮತ್ತೆ ಹೊರಟರೆ, ಅದು ನಿಮ್ಮ ಕೈಯಲ್ಲಿದೆ ಎಂಬುದು ನೋಡುವವರಿಗೆ ತಾನಾಗಿಯೇ ತಿಳಿಯುತ್ತದೆ.

ಒಂದು ಮಾತು ಮರೆಯಬೇಡಿ. ಟೆಸ್ಟಿಗೆ ಹೋಗುವ ದಾರಿಯಲ್ಲೂ ನೀವಿನ್ನೂ ಕಲಿಯುವವರೇ. ಪಕ್ಕದಲ್ಲಿ ಲೈಸೆನ್ಸ್ ಇರುವವರು ಕೂತಿರಬೇಕು, ಗಾಡಿಯ ಹಿಂದೆ ಮುಂದೆ ಬಿಳಿ ಹಲಗೆಯ ಮೇಲೆ ಕೆಂಪು 'ಎಲ್' ಇರಬೇಕು. ಕನ್ನಡಕ ಹಾಕುವವರಾದರೆ ಅದನ್ನು ಹಾಕಿಕೊಂಡೇ ಹೋಗಿ.

ಪ್ರಶ್ನೆ: ನಾನು ಕಾಲೇಜು ವಿದ್ಯಾರ್ಥಿ. ಸ್ಕೂಟರ್ ಟೆಸ್ಟ್ ಜ್ಞಾನಭಾರತಿಯ ಆಟೊಮೇಟೆಡ್ ಟ್ರ್ಯಾಕ್‌ನಲ್ಲಿ. ಮನುಷ್ಯರಾದರೆ ಸ್ವಲ್ಪ ಕರುಣೆ ತೋರಿಸುತ್ತಾರೆ, ಯಂತ್ರ ತೋರಿಸುತ್ತದೆಯೇ? ಪಾಸಾದರೆ ಅಪ್ಪನ ಬೈಕ್ ಓಡಿಸಬಹುದೇ?
– ಓದುಗ, ಬೆಂಗಳೂರು

ಉತ್ತರ: ನಿಮ್ಮ ಆತಂಕ ಅರ್ಥವಾಗುತ್ತದೆ. ಸೆನ್ಸರ್ (ಚಲನೆ, ಸ್ಪರ್ಶ ಗುರುತಿಸುವ ಸಾಧನ) ಮತ್ತು ಕ್ಯಾಮೆರಾ ನೋಡುವ ಕಡೆ ತಪ್ಪು ಮುಚ್ಚಿಹೋಗುವುದಿಲ್ಲ, ನಿಜ. ಆದರೆ ಅಲ್ಲಿ ಯಾರ ಮುಖ ನೋಡಿಯೂ ಅಳೆಯುವುದಿಲ್ಲ. ಯಾರ ಪರಿಚಯವೂ ಇಲ್ಲದ ನಿಮ್ಮಂಥ ಹುಡುಗರಿಗೆ ಇದೇ ಒಳ್ಳೆಯದೆಂದು ನನ್ನ ಅಭಿಪ್ರಾಯ.

'ಎಂಟು' ಹಾಕುವಾಗ ಮುಂದಿನ ಚಕ್ರವನ್ನು ನೋಡುತ್ತಾ ಕೂತರೆ ಕಾಲು ನೆಲಕ್ಕೆ ಬಂದೇಬರುತ್ತದೆ. ತಲೆಯೆತ್ತಿ ಮುಂದಿನ ತಿರುವನ್ನು ನೋಡಿ. ಆಕ್ಸಿಲರೇಟರ್ ಒಂದೇ ಸಮನಾಗಿರಲಿ, ವೇಗ ತಗ್ಗಿಸಲು ಎಡಗೈ ಬ್ರೇಕನ್ನು ಹಗುರವಾಗಿ ಹಿಡಿಯಿರಿ. ಹ್ಯಾಂಡಲ್ ತಿರುಗಿರುವಾಗ ಬಲಗೈ ಬ್ರೇಕನ್ನು ಫಕ್ಕನೆ ಹಿಡಿಯಬೇಡಿ. ಹೆಲ್ಮೆಟ್ ಪಟ್ಟಿ ಬಿಗಿದಿರಲಿ.

ಅಪ್ಪನ ಬೈಕ್ ಮಾತ್ರ ಸದ್ಯಕ್ಕೆ ಬೇಡ. ಗೇರ್ ಇಲ್ಲದ ಗಾಡಿಯಲ್ಲಿ ಪಾಸಾದರೆ ಸಿಗುವುದು ಗೇರ್ ಇಲ್ಲದ ಗಾಡಿಯ ಲೈಸೆನ್ಸ್ ಮಾತ್ರ. ಗೇರ್ ಬೈಕಿಗೆ ಬೇರೆಯಾಗಿ ಎಲ್‌ಎಲ್ (ಕಲಿಕಾ ಪರವಾನಗಿ) ಪಡೆದು, 30 ದಿನ ಕಾದು ಟೆಸ್ಟ್ ಕೊಡಿ.

ಪ್ರಶ್ನೆ: ಕಾರ್ ಟೆಸ್ಟ್‌ನಲ್ಲಿ ಫೇಲಾದೆ. ಮನೆಯಲ್ಲಿ ತಲೆಯೆತ್ತಲು ಆಗುತ್ತಿಲ್ಲ. ದುಡ್ಡು ಕೊಟ್ಟರೆ ಟೆಸ್ಟೇ ಇಲ್ಲದೆ ಮಾಡಿಸಿಕೊಡುತ್ತೇನೆ ಎನ್ನುವವರಿದ್ದಾರೆ. ಒಪ್ಪಿಕೊಳ್ಳಲೇ?
– ಹೆಸರು ಬೇಡ, ಕಲಬುರಗಿ

ಉತ್ತರ: ನಾಲ್ಕು ಜನರ ಮುಂದೆ ಫೇಲಾದ ನೋವು ಸಣ್ಣದಲ್ಲ. ಆದರೆ ಕಾನೂನೇ ನಿಮಗೆ ದಾರಿ ಬಿಟ್ಟಿದೆ: ಏಳು ದಿನ ಕಳೆದ ಮೇಲೆ ಮತ್ತೆ ಟೆಸ್ಟ್ ಕೊಡಬಹುದು. ಮೂರು ಸಲವೂ ಆಗದಿದ್ದರೆ ಮಾತ್ರ 60 ದಿನ ಕಾಯಬೇಕು.

ದುಡ್ಡು ಕೊಟ್ಟು ಮಾಡಿಸಿಕೊಳ್ಳುವ ದಾರಿ ಖಂಡಿತ ಬೇಡ. ಕಾಗದ ಸಿಕ್ಕಿದ ಮರುದಿನ ನೀವು ಒಬ್ಬರೇ ಸ್ಟೀರಿಂಗ್ ಹಿಡಿಯುತ್ತೀರಿ, ಎದುರಿಗೆ ಶಾಲೆ ಬಿಟ್ಟ ಮಕ್ಕಳು ರಸ್ತೆ ದಾಟುತ್ತಿರುತ್ತಾರೆ. ಅದೇ ದುಡ್ಡಿನಲ್ಲಿ ಇನ್ನಷ್ಟು ತರಗತಿ ತೆಗೆದುಕೊಳ್ಳಿ. ಎಲ್ಲಿ ತಪ್ಪಿತೆಂದು ಅಧಿಕಾರಿಯನ್ನು ವಿನಯದಿಂದ ಕೇಳಿ, ಅಷ್ಟನ್ನೇ ತಿದ್ದಿಕೊಳ್ಳಿ. ಎಲ್‌ಎಲ್ ಇರುವುದು ಆರು ತಿಂಗಳು ಮಾತ್ರ. ಸಾರಥಿ ಜಾಲತಾಣದಲ್ಲಿ ಸ್ಲಾಟ್ ಹಿಡಿಯುವ ಮುನ್ನ ಅದು ಮುಗಿಯುವ ತಾರೀಕು ನೋಡಿಕೊಳ್ಳಿ.